ಐದು ಮಂದಿ ಮನೆಯವರು

ಫಿಟ್ಟರನ್ನು ಊರು ಬಿಡಿಸಿದವಳು ನಾನು. ಪತ್ರಿಕೆಯವರು ಬಿಡಿಸಿದರು ಎಂದು ಓಣಿಯವರು ಹೇಳುತ್ತಾರೆ. ಎಲೆಕ್ಷನ್ ಬಿಡಿಸಿತು ಎಂದು ನಮ್ಮ ಮನೆಯವರು ಸಾಯುವ ತನಕ ಹೇಳಿದರು. ಪತ್ರಿಕೆಯೂ ಇತ್ತು, ಎಲೆಕ್ಷನ್ನೂ ಇತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅವರಿಗೆ ಬೇಕಾಗಿದ್ದ ಮಾತು ಸಿಕ್ಕಿದ್ದು ನನ್ನ ಬಾಯಿಂದ. ಅದು ತಮಾಷೆಗೆ ಆಡಿದ್ದು ಎಂದು ಹೇಳಬೇಕಾದ ಹೊತ್ತಿಗೆ ಹೇಳದೆ ಕೂತವಳೂ ನಾನೇ.

ಹೋದ ತಿಂಗಳು ಅವರ ಮಗಳು ಬಂದಿದ್ದಳು. ಹಿಂಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಗಿತ್ತೋ, ನಾನು ಅಕ್ಕಿ ಆರಿಸುತ್ತಿದ್ದವಳು ತಿರುಗಿದಾಗ ಕಂಡಳು. ತಲೆಯಲ್ಲಿ ಅರ್ಧ ಬಿಳಿ ಕೂದಲು. ಗುರುತು ಸಿಗಲಿಲ್ಲ. "ಆಪಾ, ನಾನ್ರಿ, ಫಿಟ್ಟರ್ ಮಗಳು" ಎಂದಳು. ಕೂತು ನೀರು ಕುಡಿದ ಮೇಲೆ "ಅಪ್ಪ ಹೋದ್ರು" ಎಂದಳು. ಅವಳು ಹೋದಂದಿನಿಂದ ನನಗೆ ಆ ಬಾಗಿಲ ಕಡೆ ಬೆನ್ನು ಹಾಕಿ ಕೂರಲು ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ. ಮುಂದೆ ಭಟ್ಟಿ, ಹಿಂದೆ ಮನೆ. ಫಿಟ್ಟರ್ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಾಗ ನನ್ನ ಕಿರಿಯವಳು ಇನ್ನೂ ತೊಟ್ಟಿಲಲ್ಲಿದ್ದಳು. ಅವರು ಆನಗೋಡಿನ ಕಡೆಯವರೇ. ಚಿಕ್ಕಂದಿನಲ್ಲಿ ಕೊಯಮತ್ತೂರಿಗೆ ಮಿಲ್ಲಿನ ಕೆಲಸಕ್ಕೆ ಹೋಗಿದ್ದವರು ಅಲ್ಲಿ ಯೇಸುವಿನ ಹೊಸ ಸಭೆಯೊಂದಕ್ಕೆ ಸೇರಿ, ಹೆಂಡತಿಯನ್ನೂ ಕಟ್ಟಿಕೊಂಡು, ಹರಿಹರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತೆಂದು ವಾಪಸು ಬಂದಿದ್ದರು. ಆ ಸಭೆಯ ಹೆಸರು ಮಾರ್ಮನ್. ನಮ್ಮ ಓಣಿಯಲ್ಲಿ ಯಾರ ನಾಲಗೆಗೂ ಅದು ಬರಲಿಲ್ಲ. ಕ್ರಿಶ್ಚಿಯನ್ನರು ಎಂದರೆ ಚರ್ಚಿನವರು ನಮ್ಮವರಲ್ಲ ಎನ್ನುತ್ತಿದ್ದರು. ಕೊನೆಗೆ ಎಲ್ಲರೂ 'ಚಾ ಕುಡಿಯದ ಸಭೆಯವರು' ಎಂದು ಕರೆದರು.

ಚಾ ಕುಡಿಯುತ್ತಿರಲಿಲ್ಲ. ಕಾಫಿ ಇಲ್ಲ, ಬೀಡಿ ಇಲ್ಲ, ಎಲೆಯಡಿಕೆಯ ಜೊತೆ ತಂಬಾಕು ಇಲ್ಲ. ನಮ್ಮೂರಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದ ಮೇಲೆ ಚಾ ಬೇಡ ಎನ್ನುವವನನ್ನು ಜನ ಹೆಂಗೆ ನಂಬುತ್ತಾರೆ? ನಮ್ಮ ಮನೆಯವರು ಮೊದಲ ದಿನವೇ ಕೇಳಿದ್ದರು. "ಫಿಟ್ಟರ್ರೆ, ಹೊಟ್ಟೆಗೇನಾರ ತೊಂದ್ರೆ ಐತೇನ್ರಿ?" "ಇಲ್ರಿ, ಚಲೋ ಐತ್ರಿ." "ಮತ್ತ ಯಾಕ ಬ್ಯಾಡ?" "ಮಾತು ಕೊಟ್ಟೀನ್ರಿ." "ಯಾರಿಗೆ?" ಫಿಟ್ಟರ್ ಬೆರಳನ್ನು ಮೇಲೆ ತೋರಿಸಿದರು. ನಮ್ಮ ಮನೆಯವರು ಮಾಳಿಗೆ ನೋಡಿದರು. ನಾನು ಅವರಿಗೆ ಬಿಸಿನೀರಿಗೆ ಬೆಲ್ಲ ಹಾಕಿ ಕೊಟ್ಟೆ. ಆಮೇಲೆ ಅದೇ ರೂಢಿಯಾಯಿತು.

ಉದ್ದ ಆಳು, ಒಣಕಲು ಮೈ. ಎಲ್ಲಿ ಕೂತರೂ ಕೈ ಸುಮ್ಮನಿರುತ್ತಿರಲಿಲ್ಲ. ಕುರ್ಚಿಯ ಮೊಳೆ ಸಡಿಲವಿದೆಯೇ, ಕಿಟಕಿ ಸರಿಯಾಗಿ ಕೂರುತ್ತದೆಯೇ ಎಂದು ಬೆರಳಾಡಿಸುತ್ತಿದ್ದರು. ನಮ್ಮ ಹಿಂಬಾಗಿಲು ಕತ್ತೆಯ ಹಾಗೆ ಅರಚುತ್ತಿತ್ತು. ಒಂದು ಭಾನುವಾರ ಕೇಳದೆ ಬಂದು ಕೀಲು ಬಿಚ್ಚಿ, ಉಜ್ಜಿ, ಎಣ್ಣೆ ಬಿಟ್ಟು, ಮತ್ತೆ ಕೂರಿಸಿದರು. "ಈಗ ನೋಡ್ರಿ ಆಪಾ" ಎಂದು ಒಂದೇ ಬೆರಳಿನಲ್ಲಿ ದೂಡಿದರು. ಸದ್ದೇ ಇಲ್ಲ. "ಕಳ್ಳರಿಗೆ ಚಲೋ ಆತು" ಎಂದೆ. ನಕ್ಕರು. ಆ ಬಾಗಿಲು ಇವತ್ತಿಗೂ ಸದ್ದು ಮಾಡುವುದಿಲ್ಲ. ಎಷ್ಟು ಮಳೆ ಹೋಯಿತು, ಎಷ್ಟು ಬಿಸಿಲು ಹೋಯಿತು, ಯಾರೂ ಎಣ್ಣೆ ಬಿಟ್ಟಿಲ್ಲ.

ಅವರು ನನ್ನನ್ನು ಆಪಾ ಎನ್ನುತ್ತಿದ್ದರು. ಉಳಿದವರೆಲ್ಲ ಬೂಬಮ್ಮ ಎನ್ನುತ್ತಾರೆ, ಸಾಬರ ಹೆಂಗಸರೆಲ್ಲ ಅವರಿಗೆ ಬೂಬಮ್ಮನೇ. ಇವರು ಬಂದ ವಾರದಲ್ಲೇ ನನ್ನ ಮಕ್ಕಳಿಂದ ಕೇಳಿ ತಿಳಿದುಕೊಂಡು ಆಪಾ ಎಂದರು, ಅಕ್ಕ ಎಂದು.

ಪ್ರತಿ ತಿಂಗಳ ಮೊದಲ ಭಾನುವಾರ ಗಂಡ ಹೆಂಡತಿ ಇಬ್ಬರೂ ಎರಡು ಹೊತ್ತು ಉಪವಾಸ. ಆ ಎರಡು ಹೊತ್ತಿನ ಅಕ್ಕಿಯನ್ನು ಅಳೆದು ಓಣಿಯ ಕೊನೆಯ ಗಂಗವ್ವನಿಗೆ ಕೊಡುತ್ತಿದ್ದರು. ಗಂಗವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ, ಹಿಂದುಮುಂದು ಯಾರೂ ಇರಲಿಲ್ಲ. ಅಳೆಯಲು ಪಾವು ನಮ್ಮದೇ. ಬೆಳಿಗ್ಗೆ ಬಂದು "ಪಾವು ಕೊಡ್ರಿ ಆಪಾ" ಎನ್ನುತ್ತಿದ್ದರು. ನಾನು ಚೇಷ್ಟೆ ಮಾಡುತ್ತಿದ್ದೆ. "ನಮ್ದು ರೋಜಾ ತಿಂಗಳಿಡೀ, ನಿಮ್ದು ಒಂದು ದಿನ. ಅಷ್ಟಕ್ಕೇ ಮುಖ ಬಾಡಿಸ್ಕಂಡು ಬರ್ತೀರಲ್ಲ." "ನಿಮಗೆ ರೂಢಿ ಐತ್ರಿ ಆಪಾ, ನಾವು ಹೊಸಬರು" ಎನ್ನುತ್ತಿದ್ದರು.

ಭಾನುವಾರ ಅವರ ಮುಂದಿನ ಕೋಣೆಯಲ್ಲೇ ಸಭೆ. ಹರಿಹರದಿಂದ ಇಬ್ಬರು ನರ್ಸಮ್ಮಂದಿರು, ಒಬ್ಬ ರಿಟೈರಾದ ಟೀಚರಮ್ಮ, ಲೈನ್‌ಮನ್ ಒಬ್ಬ, ಅವನ ಹೆಂಡತಿ. ಫಿಟ್ಟರ ಹೆಂಡತಿ, ಮಗಳು. ಅಷ್ಟೇ ಸಭೆ. ಬ್ರೆಡ್ಡು ಮುರಿದು ನೀರಿನ ಜೊತೆ ತಿನ್ನುತ್ತಿದ್ದರು, ಬಾಜಾ ಬಜಂತ್ರಿ ಇಲ್ಲದೆ ಹಾಡುತ್ತಿದ್ದರು. ಬಂದವರನ್ನೆಲ್ಲ ಫಿಟ್ಟರ್ 'ನಮ್ಮ ಮನೆಯವರು' ಎನ್ನುತ್ತಿದ್ದರು. ಅವರ ಪುಸ್ತಕದಲ್ಲಿ ದೇವರ ಮನೆಯವರು ಎಂದು ಇದೆಯಂತೆ. ಹೊಗೆ ಆ ಕಡೆ ಬೀಸಿದರೆ ಬಂದು ಹೇಳುತ್ತಿದ್ದರು, "ಆಪಾ, ನಮ್ಮ ಮನೆಯವ್ರು ಬಂದಾರ್ರಿ, ಒಂದು ತಾಸು ಭಟ್ಟಿ ಸಣ್ಣಗೆ ಮಾಡ್ರಿ." ನಮ್ಮ ಕಡೆ ಮನೆಯವರು ಎಂದರೆ ಏನರ್ಥ ಎಂದು ಯಾರಿಗೆ ಗೊತ್ತಿಲ್ಲ? ನಾನು ಗಂಡನನ್ನು ಮನೆಯವರು ಎನ್ನುತ್ತೇನೆ. ಗಂಡಸು ಮನೆಯವರು ಎಂದರೆ ಹೆಂಡತಿ. ಮೊದಲ ಸಲ ಕೇಳಿದಾಗ ನಾನು ಜರಡಿ ಕೆಳಗಿಟ್ಟು ನಕ್ಕೆ. "ಎಷ್ಟು ಮಂದಿರೀ ನಿಮಗೆ ಮನೆಯವ್ರು?" ಅವರೇ ಹೇಳಿದರು: "ದಿನಾ ಆದ್ರೆ ಒಬ್ರು, ಭಾನುವಾರ ಆದ್ರೆ ಐದು ಮಂದಿ." ಹೇಳಿ ತಾವೇ ಕೆಮ್ಮು ಬರುವ ಹಾಗೆ ನಕ್ಕರು. ಒಳಗಿನಿಂದ ಅವರ ಹೆಂಡತಿ "ಥೂ, ಬಾಯಿ ಮುಚ್ರಿ" ಎಂದಳು. ಆ ಮಾತು ಅವರದು. ಎರಡು ಮನೆಯ ಗೋಡೆಗಳ ನಡುವೆ ವರ್ಷಗಟ್ಟಲೆ ಓಡಾಡಿದ ಮಾತು.

ಮಗಳಿಗೆ ಎಂಟು ತುಂಬಿದಾಗ ಹರಿಹರದ ಹೊಳೆಯಲ್ಲಿ ಮುಳುಗಿಸುವ ಶಾಸ್ತ್ರವಿತ್ತು. ಬನ್ರಿ ಎಂದರು, ಹೋದೆ. ತಂದೆ ಮಗಳು ಇಬ್ಬರಿಗೂ ಬಿಳಿ ಬಟ್ಟೆ. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಸೊಂಟದ ತನಕ ನೀರಿನಲ್ಲಿ ನಿಂತು, ಏನೋ ಹೇಳಿ, ಹುಡುಗಿಯನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿ ಎತ್ತಿದರು. ದಡದಲ್ಲಿದ್ದ ಲೈನ್‌ಮನ್ ತಲೆಯಾಡಿಸಿದ. ಆಗಲಿಲ್ಲ ಎಂದು. ಮತ್ತೆ ಮುಳುಗಿಸಿದರು. ಮೇಲೆ ಬಂದ ಮೇಲೆ ಕೇಳಿದೆ. "ಎರಡು ಸಲ ಯಾಕ?" "ಜಡೆ ತೇಲ್ತು ಆಪಾ. ಒಂದು ಕೂದಲು ಮೇಲೆ ಉಳಿದ್ರೂ ಲೆಕ್ಕಕ್ಕಿಲ್ಲ." ಹುಡುಗಿಗೆ ಉದ್ದ ಜಡೆ, ಕೊನೆಗೆ ಕೆಂಪು ರಿಬ್ಬನ್ನು. ನೀರಿನ ಮೇಲೆ ಆ ಜಡೆಯೊಂದೇ ನಿಂತಿದ್ದು ಈಗಲೂ ಕಣ್ಣಿಗೆ ಬರುತ್ತದೆ.

ಮುನಿಸಿಪಾಲ್ಟಿ ಎಲೆಕ್ಷನ್ ಬಂದದ್ದು ಅದರ ಮರುವರ್ಷ. ನಮ್ಮ ವಾರ್ಡಿಗೆ ಇಬ್ಬರು ನಿಂತರು. ಒಬ್ಬರು ಫಿಟ್ಟರ್ ಮನೆಯ ಮಾಲೀಕರು, ಹತ್ತಿ ವ್ಯಾಪಾರದ ಯಜಮಾನರು. ಇನ್ನೊಬ್ಬ ಊರಿನ ಪತ್ರಿಕೆಯೊಂದನ್ನು ನಡೆಸುವವರ ಭಾಮೈದ. ನಾಲ್ಕು ಪುಟದ ಪತ್ರಿಕೆ. ಜನ ಓದುತ್ತಿದ್ದರೋ ಇಲ್ಲವೋ, ನಮ್ಮಂಥವರು ರದ್ದಿ ತಂದು ಮಂಡಕ್ಕಿ ಕಟ್ಟುತ್ತಿದ್ದುದಂತೂ ನಿಜ.

ಭಟ್ಟಿಗಳ ಹೊಗೆ ಹೆಚ್ಚಾಯಿತು, ಎಲ್ಲವನ್ನೂ ಎತ್ತಿ ಊರಾಚೆ ಬಾತಿಯ ಕಡೆ ಹಾಕಿ ಎಂದು ಹೊಸ ಬಡಾವಣೆಯವರು ಅರ್ಜಿ ಕೊಟ್ಟಿದ್ದರು. ಯಜಮಾನರು ಆ ಅರ್ಜಿಗೆ ಸಹಿ ಹಾಕಿದ್ದರು. ಭಾಮೈದ ನಮ್ಮ ಓಣಿಗೆ ಬಂದು, ನಾನು ಗೆದ್ದರೆ ಒಂದು ಭಟ್ಟಿಯನ್ನೂ ಅಲುಗಾಡಿಸಲು ಬಿಡುವುದಿಲ್ಲ ಎಂದು ಕುರಾನು ಮುಟ್ಟುವವನ ಹಾಗೆ ಹೇಳಿಹೋದ.

ಪತ್ರಿಕೆಯಲ್ಲಿ ಶುರುವಾಯಿತು. ಯಜಮಾನರನ್ನು ನೇರವಾಗಿ ಮುಟ್ಟಲು ಅವರಿಗೆ ಧೈರ್ಯವಿರಲಿಲ್ಲ, ಅವರ ಬಾಡಿಗೆದಾರನನ್ನು ಹಿಡಿದರು. ಮೊದಲ ದಿನದ ತಲೆಬರಹ, 'ಮರ್ಮನ್ನರ ಮರ್ಮವೇನು?' ಮಾರ್ಮನ್ನನ್ನು ಮರ್ಮನ್ ಮಾಡಿದ್ದು ತಪ್ಪೋ ಬೇಕೆಂದೋ ಗೊತ್ತಿಲ್ಲ. ನಾನು ಮೂರನೇ ಇಯತ್ತೆ, ಕೂಡಿಸಿ ಕೂಡಿಸಿ ಓದಿದೆ. ಅಮೆರಿಕದ ಗುಪ್ತ ಸಂಘವಂತೆ, ಅಲ್ಲಿಂದ ದುಡ್ಡು ಬರುತ್ತದಂತೆ, ಅಕ್ಕಿ ಹಂಚಿ ಬಡವರನ್ನು ಸೇರಿಸಿಕೊಳ್ಳುತ್ತಾರಂತೆ. ಇಂಥವರಿಗೆ ಮನೆ ಕೊಟ್ಟ ದೊಡ್ಡ ಮನುಷ್ಯರು ಯಾರು, ಅವರಿಗೆ ವೋಟು ಕೊಡಬೇಕೇ? ಅಮೆರಿಕದ ದುಡ್ಡು ಬಂದಿದ್ದರೆ ಫಿಟ್ಟರ ಹೆಂಡತಿ ನಮ್ಮ ಭಟ್ಟಿಯ ಬೂದಿ ತಗೊಂಡು ಹೋಗಿ ಪಾತ್ರೆ ತಿಕ್ಕುತ್ತಿರಲಿಲ್ಲ. ಎರಡನೇ ಸಲ ಹೊಳೆಯ ಸುದ್ದಿ. ಮಗುವನ್ನು ಮತ್ತೆ ಮತ್ತೆ ಮುಳುಗಿಸಿದರು ಎಂದು ಬರೆದಿದ್ದರು. ಜಡೆಯ ಮಾತು ಇರಲಿಲ್ಲ.

ಆ ಸಭೆಯವರಲ್ಲಿ ಒಬ್ಬೊಬ್ಬರಿಗೆ ಹಲವು ಹೆಂಡಿರು ಎಂದೂ ಬರೆದಿದ್ದರು. ನಾನು ಫಿಟ್ಟರನ್ನೇ ಕೇಳಿದೆ. "ಹೌದೇನ್ರಿ?" "ಹಿಂದೆ ಇತ್ರಿ ಆಪಾ, ನಮ್ಮ ತಾತಂದಿರ ಕಾಲದಾಗ, ಅಮೆರಿಕದಾಗ. ಬಿಟ್ಟು ಬಾಳ ದಿನ ಆತು." "ಪೇಪರಿನವ್ರಿಗೂ ಹಿಂಗ ಹೇಳಿದ್ರಾ?" "ಕೇಳಿದ್ರು, ಹೇಳಿದೆ." "ಇಲ್ಲ ಅನ್ನಬೇಕಿತ್ತು." "ಇತ್ತಲ್ರಿ ಆಪಾ." ಇಂಥ ಮನುಷ್ಯ. ಸುಳ್ಳು ಹೇಳಲು ಬರುತ್ತಿರಲಿಲ್ಲ, ನಿಜ ಮುಚ್ಚಿಡಲೂ ಬರುತ್ತಿರಲಿಲ್ಲ.

ಅದಾಗಿ ಎರಡು ದಿನಕ್ಕೆ ಪತ್ರಿಕೆಯವನೊಬ್ಬ ನಮ್ಮ ಭಟ್ಟಿಗೆ ಬಂದ. ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಕೂತ. ಕೆಲಸದ ಹೆಂಗಸರು ಸುತ್ತ ಇದ್ದರು. "ಬೂಬಮ್ಮ, ನೀವು ಪಕ್ಕದ ಮನೆಯವ್ರು, ನಿಮಗೆ ಗೊತ್ತಿರುತ್ತೆ. ಫಿಟ್ಟರಿಗೆ ಎಷ್ಟು ಮಂದಿ ಮನೆಯವ್ರು?"

ಇಲ್ಲಿ ಒಂದು ಮಾತು ಹೇಳಬೇಕು. ನಾಲ್ಕು ಹೆಂಡಿರ ಜೋಕನ್ನು ನಾನು ಹುಟ್ಟಿದಂದಿನಿಂದ ಕೇಳಿದವಳು. ಬಸ್ಸಿನಲ್ಲಿ, ಸಂತೆಯಲ್ಲಿ, ಹೆರಿಗೆ ಆಸ್ಪತ್ರೆಯಲ್ಲಿ. "ನೀನು ಎಷ್ಟನೆಯವಳು?" ಎಂದು ಕೇಳುತ್ತಿದ್ದರು. ನಮ್ಮ ಮನೆಯವರಿಗೆ ನನ್ನೊಬ್ಬಳನ್ನು ಸಾಕುವುದರಲ್ಲೇ ಬೆವರು ಕಿತ್ತುಬರುತ್ತಿತ್ತು. ಅವತ್ತು ಮೊದಲ ಸಲ ಆ ಜೋಕು ಬೇರೆ ಮನೆಯ ಬಾಗಿಲಿಗೆ ಹೋಗಿತ್ತು. ನನಗೆ ಹಾಯೆನಿಸಿತ್ತು. ನಗುವವರ ಸಾಲಿನಲ್ಲಿ ನನಗೂ ಒಂದು ಜಾಗ ಸಿಕ್ಕಿತ್ತು.

"ದಿನಾ ಆದ್ರೆ ಒಬ್ರು, ಭಾನುವಾರ ಆದ್ರೆ ಐದು ಮಂದಿ" ಎಂದೆ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಮರುದಿನ ಬಂತು: 'ಐದು ಮಂದಿ ಮನೆಯವರು! ನೆರೆಮನೆಯ ಮಹಿಳೆಯ ಹೇಳಿಕೆ.' ದಿನಾ ಆದರೆ ಒಬ್ಬರು ಎನ್ನುವುದನ್ನು ಬಿಟ್ಟಿದ್ದರು.

ಫ್ಯಾಕ್ಟರಿಯ ಗೇಟಿನಲ್ಲಿ ಅವರನ್ನು ನೋಡಿ ಜನ ಐದು ಬೆರಳು ಎತ್ತಿ ತೋರಿಸತೊಡಗಿದರು. ಟೀಚರಮ್ಮ ಬರುವುದನ್ನು ನಿಲ್ಲಿಸಿದರು. ನರ್ಸಮ್ಮಂದಿರಲ್ಲಿ ಒಬ್ಬಳಿಗೆ ಗೊತ್ತಾಗಿದ್ದ ಮದುವೆ ಮುರಿಯಿತು. ಶಾಲೆಯಲ್ಲಿ ಹುಡುಗಿಯನ್ನು "ನೀನು ಯಾವ ಅಮ್ಮನ ಮಗಳು?" ಎಂದು ಕೇಳಿದರಂತೆ. ಅವಳು ಮನೆಗೆ ಬಂದು ತಾಯಿಯನ್ನೇ ಕೇಳಿದಳು. ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಯಜಮಾನರು ಫಿಟ್ಟರನ್ನು ಕರೆಸಿದರು. ಕೆಟ್ಟವರೇನಲ್ಲ, ಹೆದರಿದ್ದರು. "ವೋಟಿನ ದಿನದೊಳಗೆ ಆ ಹೆಂಗಸು ತಾನು ಹಂಗೆ ಹೇಳಿಲ್ಲ ಅಂತ ಪೇಪರಿನಾಗ ಹಾಕಿಸಿದ್ರೆ ಇರು. ಇಲ್ಲಾಂದ್ರೆ ಮನೆ ಖಾಲಿ ಮಾಡು. ನಿನ್ನಿಂದ ನಾನು ಸೋಲಾಕ ಆಗಲ್ಲ" ಎಂದರಂತೆ. ಆ ಹೆಸರು ಹೊತ್ತವನಿಗೆ ದಾವಣಗೆರೆ ಹರಿಹರ ಎರಡರಲ್ಲೂ ಇನ್ನೊಂದು ಬಾಡಿಗೆ ಮನೆ ಸಿಗುವಂತಿರಲಿಲ್ಲ.

ಫಿಟ್ಟರ್ ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. "ಆಪಾ, ನನ್ನ ಜೊತೆ ಪ್ರೆಸ್ಸಿಗೆ ಬರ್ತೀರಾ? ಒಂದು ಮಾತು ಹೇಳಿದ್ರೆ ಸಾಕು. ನಗಾಡಿದ್ದು ಅಂತ."

"ನಾಳೆ ಬರ್ತೀನ್ರಿ" ಎಂದೆ.

ಮನೆಯವರಿಗೆ ಹೇಳಿದೆ. ಅವರು ಉಣ್ಣುತ್ತಿದ್ದವರು ಕೈ ನಿಲ್ಲಿಸಿದರು. "ಭಟ್ಟಿ ಉಳಿಸ್ತೀನಿ ಅಂದವನ ಭಾವನ ಪೇಪರ್ ಅದು. ಅದು ಸುಳ್ಳು ಅಂತ ನೀನೇ ಹೋಗಿ ಹೇಳಿದ್ರೆ ನಾಳೆ ಭಟ್ಟಿ ಗತಿ ಏನು? ಬಾತಿಗೆ ಹೋಗಿ ಬಯಲಾಗ ಹುರೀತೀಯಾ?" ಮಾರನೇ ದಿನ ಫಿಟ್ಟರ್ ಬಂದರು, ಮೈಗೆ ಹುಷಾರಿಲ್ಲ ಎಂದೆ. ಅದರ ಮಾರನೇ ದಿನ ಬಂದರು, ಭತ್ತ ಬಂದಿದೆ ಎಂದೆ. ಎರಡು ದಿನವೂ ಬೆಲ್ಲದ ನೀರು ಕುಡಿದು ಹೋದರು.

ಮೂರನೇ ದಿನ ಭಾನುವಾರ. ಬೆಳಿಗ್ಗೆ ಅಡಿಗೆಮನೆಯಲ್ಲಿ ಮನೆಯವರ ಜೊತೆ ಅದೇ ಮಾತು. ಹೋಗಬೇಡ ಎಂದು ಅವರು ಇನ್ನೊಮ್ಮೆ ಹೇಳಿದರು. ನನಗೆ ಸಿಟ್ಟು ಬಂತು, ಯಾರ ಮೇಲೋ ತಿಳಿಯದು. "ಹೋಗಲ್ಲ ಅಂದ್ನಲ್ಲ. ಅವನ ಮನೆ ಉಳಿಸಾಕ ನನ್ನ ಒಲೆ ಆರಿಸ್ಕಬೇಕಾ? ಐದು ಮಂದಿ ಇದ್ರೂ ಇರಬಹುದು, ನಾನೇನು ಎಣಿಸಾಕ ಹೋಗಿದ್ನಾ?"

ಹೇಳಿ ತಿರುಗಿದೆ. ಹಿಂಬಾಗಿಲಲ್ಲಿ ಫಿಟ್ಟರ್ ನಿಂತಿದ್ದರು. ಬಾಗಿಲು ಪೂರ್ತಿ ತೆರೆದಿತ್ತು. ತೆರೆದ ಸದ್ದು ಕೇಳಿಸಿರಲಿಲ್ಲ. ಅವರೇ ಹಾಗೆ ಮಾಡಿದ್ದ ಬಾಗಿಲು.

ಅವರು ನನ್ನ ಮುಖ ನೋಡಲಿಲ್ಲ. ಕೀಲಿನ ಮೇಲೆ ಬೆರಳಿಟ್ಟು ಒಂದು ಸಲ ಸವರಿದರು. ಆಮೇಲೆ ಹೇಳಿದರು: "ಪಾವು ಕೊಡ್ರಿ ಆಪಾ."

ತಿಂಗಳ ಮೊದಲ ಭಾನುವಾರ ಎನ್ನುವುದು ನನಗೆ ಮರೆತಿತ್ತು. ಪಾವು ಕೊಟ್ಟೆ. ಗಂಗವ್ವನಿಗೆ ಅಕ್ಕಿ ಕೊಟ್ಟು ಬಂದು, ಪಾವನ್ನು ತೊಳೆದು, ಕಟ್ಟೆಯ ಮೇಲೆ ಬೋರಲಾಗಿಟ್ಟು ಹೋದರು. ಮತ್ತೆ ಬರಲಿಲ್ಲ.

ವೋಟು ಆಯಿತು. ಯಜಮಾನರು ಸೋತರು. ಸೋತ ಮೇಲೂ ಕೊಟ್ಟ ಮಾತು ಮಾತೇ ಎಂದು ಮನೆ ಖಾಲಿ ಮಾಡಿಸಿದರು. ಟೆಂಪೋಗೆ ಸಾಮಾನು ಏರಿಸಿದ್ದು ಹಾಡಹಗಲು, ಓಣಿಯೆಲ್ಲ ನೋಡುತ್ತಿತ್ತು. ಒಂದು ಮಂಚ, ಎರಡು ಟ್ರಂಕು, ಹೊಲಿಗೆ ಮಷಿನ್ನು. ಹೆಂಡತಿ ಒಬ್ಬಳೇ. ಎಣಿಸಬೇಕಾದವರು ಆಗ ಎಣಿಸಬಹುದಿತ್ತು. ಹುಡುಗಿ ಟೆಂಪೋದ ಹಿಂದೆ ಕೂತು ನಮ್ಮ ಭಟ್ಟಿಯ ಕಡೆಯೇ ನೋಡುತ್ತಿದ್ದಳು. ಕೈ ಬೀಸಲಿಲ್ಲ. ಜಡೆಯ ತುದಿಯ ಕೆಂಪು ರಿಬ್ಬನ್ನು ತಿರುವಿನ ತನಕ ಕಂಡಿತು.

ಭಟ್ಟಿಯನ್ನು ಯಾರೂ ಎತ್ತಲಿಲ್ಲ. ಇವತ್ತಿಗೂ ಅಲ್ಲೇ ಇದೆ, ಮಗ ನಡೆಸುತ್ತಾನೆ.

ಹೋದ ತಿಂಗಳು ಬಂದಾಗ ಮಗಳಿಗೆ ಚಾ ಇಡಲು ಹೋಗಿ, ನೆನಪಾಗಿ ಬೆಲ್ಲದ ನೀರು ಕೊಟ್ಟೆ. ಕುಡಿದಳು. "ನಿಮ್ಮಪ್ಪ ನನ್ನ ಬಗ್ಗೆ ಏನಾರ ಅಂದ್ರಾ?" ಎಂದು ಕೇಳಿಯೇಬಿಟ್ಟೆ. ಕೇಳದೆ ಇದ್ದರೆ ಚೆನ್ನಾಗಿತ್ತು. "ಅಂತಿದ್ರು ಆಪಾ. ಆ ಜೋಕು ನಂದೇ, ಆಪಾ ನನಗಿಂತ ಚಲೋ ಹೇಳಿರಬೇಕು, ಅದಕ್ಕೇ ಅಚ್ಚಾತು ಅಂತ." ಅವಳು ನಗಲು ನೋಡಿದಳು. ನಾನೂ ನೋಡಿದೆ. ಬಾಗಿಲಲ್ಲಿ ಕೇಳಿಸಿಕೊಂಡ ಮಾತನ್ನು ಅವರು ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಅದನ್ನು ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾರೆ. ಈಗ ಬಾಗಿಲು ಗಾಳಿಗೆ ಆಡಿದರೂ ತಿರುಗಿ ನೋಡುತ್ತೇನೆ.

ಟೆಂಪೋ ಹೋದ ಮರುದಿನ ಬೆಳಿಗ್ಗೆ ನಾನು ಬುರ್ಖಾ ಹಾಕಿಕೊಂಡು, ಮನೆಯವರಿಗೆ ಹೇಳದೆ, ಒಬ್ಬಳೇ ಆ ಪ್ರೆಸ್ಸಿಗೆ ಹೋದೆ. ಪತ್ರಿಕೆಯವರು ಮೇಜಿನ ಹಿಂದೆ ಚಾ ಕುಡಿಯುತ್ತಿದ್ದರು. ನಾನು ನಿಂತೇ ಹೇಳಿದೆ. "ಐದು ಮಂದಿ ಅಂದದ್ದು ನಾನು. ನಗಾಡಿದ್ದು. ಅವ್ರಿಗೆ ಒಬ್ರೇ ಮನೆಯವ್ರು. ಹಂಗಂತ ಹಾಕ್ರಿ."

ಅವರು ನನ್ನನ್ನು ಪ್ರೀತಿಯಿಂದಲೇ ನೋಡಿದರು. "ಎಲೆಕ್ಷನ್ ಮುಗೀತಲ್ಲ ಬೂಬಮ್ಮ. ಈಗ ಅದು ಸುದ್ದಿ ಅಲ್ಲ."

"ಸುದ್ದಿ ಅಲ್ದಿದ್ರೆ ಬ್ಯಾಡ. ಸುಳ್ಳು ಅಂತ ಆದ್ರೂ ಬರ್ಕಳ್ರಿ."

"ಬರ್ಕಂಡೆ ಬಿಡ್ರಿ" ಎಂದರು. ಪೆನ್ನು ಕಿಸೆಯಲ್ಲೇ ಇತ್ತು. ನಾನು ಇನ್ನೂ ನಿಂತೇ ಇದ್ದೆ. ಅವರು ಮೂಲೆಗೆ ಕೈ ತೋರಿಸಿದರು. "ಅಲ್ಲಿ ಹಳೇ ಪೇಪರ್ ಬಿದ್ದೈತೆ ನೋಡ್ರಿ, ಎಲೆಕ್ಷನ್ ಅಂತ ಜಾಸ್ತಿ ಅಚ್ಚು ಹಾಕಿಸಿದ್ವಿ. ತಗಂಡು ಹೋಗ್ರಿ, ನಿಮಗಾರ ಮಂಡಕ್ಕಿ ಕಟ್ಟಾಕ ಬರ್ತಾವು."

ಕಟ್ಟನ್ನು ತಲೆಯ ಮೇಲೆ ಹೊತ್ತು ತಂದೆ. ಭಟ್ಟಿ ಹಚ್ಚುವ ಹೊತ್ತಾಗಿತ್ತು, ಗಿರಾಕಿ ಬಂದು ನಿಂತಿತ್ತು. ಹಗ್ಗ ಬಿಚ್ಚಿದೆ. ಎಲ್ಲ ಹಾಳೆಯೂ ಅದೇ ದಿನದ್ದು, ಐದು ಮಂದಿ ಎಂದು ಬಂದ ದಿನದ್ದು. ಮೇಲಿನದನ್ನು ಎತ್ತಿ ಮಡಚಿ, ಮಂಡಕ್ಕಿ ತುಂಬಿ ಕೊಟ್ಟೆ.